ಜ್ವಾಲಾಮುಖಿ ನೆಲದಲ್ಲಿ ಕಾರಿಲ್ಲದ ಗ್ರಾವೆಲ್ ರೈಡ್: ಎಟ್ನಾ, ಗರೋಚಾ, ಐಫೆಲ್, ಟಿಂಬರ್ ಟ್ರೇಲ್, ಯಾವುದಕ್ಕೆ ಹೋಗ್ಬೇಕು?

ಎರಡು ತಿಂಗಳಲ್ಲಿ ಐದು ಜನ ನನಗೆ ಇದೇ ಪ್ರಶ್ನೆ ಕೇಳಿದಾರೆ. ಭಾನುವಾರ ಬೆಳಿಗ್ಗೆ ನಾಲ್ಕೂವರೆಗೆ ಎದ್ದು ಸೈಕಲ್‌ನಲ್ಲಿ ನಂದಿ ಬೆಟ್ಟ ಹತ್ತಿ ಬರೋ ಬೆಂಗಳೂರಿನ ಇಬ್ಬರು, ಫ್ರಾಂಕ್‌ಫರ್ಟ್ ಹತ್ರ ಕೆಲಸ ಮಾಡೋ ನಮ್ಮೂರ ಹುಡುಗ ಒಬ್ಬ, ಮೆಲ್ಬರ್ನ್‌ನಲ್ಲಿರೋ ಒಬ್ಬರು ಮೇಡಂ, ಆಮೇಲೆ ನನ್ನ ಸ್ವಂತ ಭಾವ. ಎಲ್ಲರಿಗೂ ಬೇಕಾಗಿರೋದು ಒಂದೇ, ಗ್ರಾವೆಲ್ ರೈಡು, ಅಂದ್ರೆ ಡಾಂಬರಿಲ್ಲದ ಜಲ್ಲಿ ಮಣ್ಣಿನ ದಾರೀಲಿ ಸೈಕಲ್ ಸವಾರಿ, ಕಪ್ಪು ಕಲ್ಲು, ಬೂದಿ, ಪಕ್ಕದಲ್ಲಿ ಜ್ವಾಲಾಮುಖಿ ಇರ್ಬೇಕು, ಹಿಂದಿನಿಂದ ಹಾರ್ನ್ ಹೊಡೆಯೋ ಗಾಡಿ ಒಂದೂ ಇರಬಾರದು. ಒಬ್ಬೊಬ್ಬರಿಗೂ ಬೇರೆ ಬೇರೆ ವಾಯ್ಸ್ ನೋಟ್ ಕಳಿಸಿ ಕಳಿಸಿ ಸಾಕಾಗಿ ಈಗ ಇಲ್ಲೇ ಬರೆದುಬಿಡ್ತೀನಿ. ಜಾಗ ನಾಲ್ಕು, ಇಟಲಿಯ ಎಟ್ನಾ, ಸ್ಪೇನ್‌ನ ಗರೋಚಾ, ಜರ್ಮನಿಯ ಐಫೆಲ್, ನ್ಯೂಜಿಲೆಂಡ್‌ನ ಟಿಂಬರ್ ಟ್ರೇಲ್.

ಮೊದಲು ಒಂದು ಮಾತು. ಫೋಟೋ ನೋಡಿ ಜಾಗ ಆರಿಸಬೇಡಿ, ಆ ಲಾವಾಗೆ ವಯಸ್ಸು ಎಷ್ಟು ಅಂತ ಕೇಳಿ. ನಾನು ವಿಜಯಪುರದ ಕಡೆಯವನು, ನಮ್ಮ ಎರೆ ಹೊಲ ಇದೆಯಲ್ಲ ಅದೂ ಲಾವಾನೇ, ಸುಮಾರು 6.6 ಕೋಟಿ ವರ್ಷದ ಹಿಂದೆ ಹರಿದ ಡೆಕ್ಕನ್ ಟ್ರ್ಯಾಪ್ಸ್ ಬಸಾಲ್ಟು ಬಿಸಿಲು ಮಳೆಗೆ ಸವೆದು ಸವೆದು ಕಪ್ಪು ಮಣ್ಣಾಗಿರೋದು, ಗೋಲ್ ಗುಮ್ಮಟದ ಕಲ್ಲು ಕೂಡ ಅದೇ ಜಾತಿ. ಚಿಕ್ಕವನಿದ್ದಾಗ ಮಳೆ ಬಿದ್ದ ಮಾರನೇ ದಿನ ಸೈಕಲ್ ತಗೊಂಡು ಹೊಲದ ದಾರಿಗೆ ಇಳಿದ್ರೆ ಇಪ್ಪತ್ತು ಮಾರು ಹೋಗೋದ್ರೊಳಗೆ ಮಡ್‌ಗಾರ್ಡ್ ತುಂಬಾ ಎರೆ ಮಣ್ಣು ಮೆತ್ಕೊಂಡು ಚಕ್ರ ತಿರುಗೋದೇ ನಿಂತು ಹೋಗ್ತಿತ್ತು, ಕೊನೆಗೆ ಸೈಕಲ್ ನಮ್ಮನ್ನ ಹೊರೋ ಬದಲು ನಾವೇ ಸೈಕಲ್ ಹೊತ್ಕೊಂಡು ಮನೆಗೆ. ಅದೇ ಲಾವಾ ನಲವತ್ತು ವರ್ಷದ ಹಿಂದೆ ಹರಿದಿದ್ರೆ? ಒಡೆದ ಗಾಜಿನ ರಾಶಿ. ಟೈರ್ ಸೈಡು ಸೀಳಿಬಿಡುತ್ತೆ. ನೆಲದ ವಯಸ್ಸು ಬದಲಾದ ಹಾಗೆ ರೈಡೂ ಬದಲಾಗುತ್ತೆ, ಆದ್ರೆ ಇನ್‌ಸ್ಟಾಗ್ರಾಮ್‌ನಲ್ಲಿ ಎಲ್ಲಾ ಒಂದೇ ಥರ ಕಪ್ಪಗೆ ಕಾಣುತ್ತೆ.

ಎರಡನೇದು, "ಟ್ರಾಫಿಕ್ ಇಲ್ಲ" ಅನ್ನೋದು. ಇದ್ರಲ್ಲಿ ಮೂರು ಥರ ಇದೆ. ಒಂದು, ಅರಣ್ಯ ಇಲಾಖೆಯವರು ಗೇಟ್ ಹಾಕಿ ಗಾಡಿ ಬಿಡದೇ ಇರೋ ದಾರಿ. ಎರಡು, ರೈಲು ನಿಂತು ಹೋಗಿ ಹಳಿ ಕಿತ್ತು ಸೈಕಲ್ ದಾರಿ ಮಾಡಿರೋದು. ಮೂರು, ಸೈಕಲ್‌ಗೆ ಅಂತಾನೇ ಕಟ್ಟಿರೋ ಟ್ರೇಲ್. ರೈಲು ಹಳಿ ದಾರಿ ಆದ್ರೆ ಏರು ಯಾವತ್ತೂ ಮೆಲ್ಲಗೆ, ಯಾಕಂದ್ರೆ ಇಂಜಿನ್ ಹತ್ತಬೇಕಿತ್ತಲ್ವಾ. ಗೇಟ್ ಹಾಕಿರೋ ಕಾಡು ದಾರಿಲಿ ಆ ದಯೆ ಎಲ್ಲಾ ಇರಲ್ಲ.

ಮೂರನೇದು ನೀರು. ಇದನ್ನ ಯಾರೂ ಕೇಳಲ್ಲ, ನಾನೂ ಕೇಳಿರಲಿಲ್ಲ, ಅನುಭವಿಸಿದೆ. ಹೊಸ ಲಾವಾ ಜರಡಿ ಇದ್ದ ಹಾಗೆ, ಎಷ್ಟು ಮಳೆ ಬಿದ್ರೂ ಒಳಗೆ ಇಳಿದು ಹೋಗುತ್ತೆ, ಮೇಲೆ ಹಳ್ಳ ಇಲ್ಲ ಕೊಳ ಇಲ್ಲ. ನಾಲ್ಕನೇದು ವಾಪಸ್ ಬರೋದು ಹೆಂಗೆ, ಯಾಕಂದ್ರೆ ಇಂಥ ದಾರಿಗಳು ಮುಕ್ಕಾಲು ಪಾಲು ಒನ್ ವೇ, ಎ ಇಂದ ಬಿ ಗೆ ಹೋಗಿ ಮುಗಿಯುತ್ತೆ, ನಿಮ್ಮ ಬ್ಯಾಗು ಎ ನಲ್ಲೇ ಇರುತ್ತೆ. ಕೊನೆಗೆ ದುಡ್ಡು, ವೀಸಾ, ಜೊತೆಗೆ ಅಲ್ಲಿ ನಿಜವಾಗ್ಲೂ ಜ್ವಾಲಾಮುಖಿ ಅಂತ ಏನಾದ್ರೂ ಕಾಣುತ್ತಾ ಅನ್ನೋದು.

ಐಸ್‌ಲ್ಯಾಂಡ್ ಯಾಕೆ ಇಲ್ಲ ಅಂತ ಕೇಳ್ತೀರಾ, ಗೊತ್ತು. ಅಲ್ಲಿನ ಒಳನಾಡಿನ ಎಫ್ ರೋಡ್‌ಗಳು ಗ್ರಾವೆಲ್ಲೇ, ಸೌಂದರ್ಯಕ್ಕೆ ಮಾತೇ ಇಲ್ಲ, ಆದ್ರೆ ಅವು ಫೋರ್ ವೀಲ್ ಡ್ರೈವ್ ಗಾಡಿಗಳಿಗೆ ಅಂತ ಇರೋ ರಸ್ತೆ, ಬೇಸಿಗೆಯಲ್ಲಿ ಜೀಪ್ ಮೇಲೆ ಜೀಪು, ಒಂದೊಂದು ಹೋದಾಗ್ಲೂ ಧೂಳು ಕುಡಿಬೇಕು. ಸ್ಪೇನ್‌ನ ಲಾಂಜರೋಟೆ ದ್ವೀಪ ಕೂಡ ಅದೇ ಕಾರಣಕ್ಕೆ ಬಿಟ್ಟೆ, ತಿಮಾನ್‌ಫಾಯಾ ಪಾರ್ಕಿನ ಒಳಗಿನ ಜ್ವಾಲಾಮುಖಿ ರೂಟಲ್ಲಿ ಬಸ್ಸಲ್ಲೇ ಕೂತು ನೋಡ್ಬೇಕು, ಹೊರಗಿನ ರಸ್ತೆಲಿ ಕಾರುಗಳ ಜೊತೆ. ಟ್ರಾಫಿಕ್ ಬೇಡ ಅನ್ನೋದು ನಿಮ್ಮ ಮೊದಲ ಷರತ್ತು ಅಲ್ಲ ಅಂದ್ರೆ ಈ ಬರಹ ಬಿಟ್ಟು ಐಸ್‌ಲ್ಯಾಂಡ್‌ಗೇ ಹೋಗಿ.

ಎಟ್ನಾ, ಸಿಸಿಲಿ

ಇದು ನಾಲ್ಕರಲ್ಲಿ ಜೀವಂತ ಇರೋದು. 3,300 ಮೀಟರ್‌ಗಿಂತ ಎತ್ತರ, ಯುರೋಪಿನ ಅತಿ ಎತ್ತರದ ಸಕ್ರಿಯ ಜ್ವಾಲಾಮುಖಿ, 2013ರಿಂದ ಯುನೆಸ್ಕೋ ಪಟ್ಟಿಲಿದೆ. ಇದರ ಸೊಂಟಕ್ಕೆ ಉಡಿದಾರ ಕಟ್ಟಿದ ಹಾಗೆ ಪಶ್ಚಿಮದಿಂದ ಉತ್ತರಕ್ಕೆ ಸುತ್ತೋ ಒಂದು ಕಾಡು ದಾರಿ ಇದೆ, ಹೆಸರು ಪಿಸ್ತಾ ಆಲ್ತೊಮೊಂತಾನಾ. ಸುಮಾರು 36 ಕಿಲೋಮೀಟರ್, ಹೆಚ್ಚುಕಡಿಮೆ 1,300 ರಿಂದ 1,800 ಮೀಟರ್ ಎತ್ತರದಲ್ಲೇ ಓಡುತ್ತೆ. ಎರಡೂ ಕಡೆ ಗೇಟು, ಅರಣ್ಯ ಇಲಾಖೆ ಗಾಡಿ ಬಿಟ್ರೆ ಬೇರೆ ಗಾಡಿ ಇಲ್ಲ. ನಾನು ಹೋದ ದಿನ ಇಡೀ ದಾರೀಲಿ ಒಂದು ಗಾಡಿ ನೋಡಿದೆ, ಅದೂ ನಿಂತಿತ್ತು.

ಇಲ್ಲಿ ಸವಾರಿ ಮಾಡೋದು ಅಂದ್ರೆ ಬೇರೆ ಬೇರೆ ಶತಮಾನದ ಮೇಲೆ ಸೈಕಲ್ ಹೊಡೆಯೋದು. ಒಂದು ಕಿಲೋಮೀಟರ್ ಪೈನ್ ಕಾಡು, ಎಲೆ ಬಿದ್ದು ಮೆತ್ತಗಿರೋ ಕಂದು ನೆಲ, ಇದ್ದಕ್ಕಿದ್ದ ಹಾಗೆ ಮರ ಎಲ್ಲಾ ಮಾಯ, ಎರಡೂ ಕಡೆ ಕಪ್ಪು ಕಲ್ಲಿನ ಗೋಡೆ. 1981ರ ಮಾರ್ಚ್‌ನಲ್ಲಿ ರಂದಾಝೋ ಊರಿನ ಪಕ್ಕಕ್ಕೇ ಬಂದು ನಿಂತ ಲಾವಾ ಅದು, ಅದರ ಮೇಲೆ ಬುಲ್ಡೋಜರ್ ಓಡಿಸಿ ದಾರಿ ಮಾಡಿದಾರೆ, ಇನ್ನೂ ಹುಲ್ಲು ಸರಿಯಾಗಿ ಹುಟ್ಟಿಲ್ಲ. ಮುಂದೆ ಉತ್ತರದ ಕಡೆ 1614ರಿಂದ 1624ರವರೆಗೆ, ಅಂದ್ರೆ ಹತ್ತು ವರ್ಷ ನಿಲ್ಲದೇ ಹರಿದ ಲಾವಾ ಸಿಗುತ್ತೆ, ಅದು ಬೇರೆ ಥರ, ಹಗ್ಗ ಹೊಸೆದ ಹಾಗೆ, ಗಂಜಿ ಮೇಲೆ ಕೆನೆ ಕಟ್ಟಿದ ಹಾಗೆ ಮಡಿಕೆ ಮಡಿಕೆ. ಮಧ್ಯ ಮಧ್ಯ ಎಟ್ನಾ ಬರ್ಚ್ ಅಂತ ಬಿಳಿ ತೊಗಟೆ ಮರ, ಕಪ್ಪು ನೆಲದ ಮೇಲೆ ಸುಣ್ಣ ಬಳಿದ ಕಂಬ ನೆಟ್ಟ ಹಾಗೆ ಕಾಣುತ್ತೆ. ಬೇರೆ ಮೂರು ಜಾಗದಲ್ಲಿ ಎಲ್ಲೂ ಈ ಅನುಭವ ಇಲ್ಲ, ಅದನ್ನ ಒಪ್ಕೊಂಡೇ ಮುಂದೆ ಹೋಗ್ತೀನಿ.

ಈಗ ಕಷ್ಟದ ಲೆಕ್ಕ. ಬೂದಿ ಮರಳು. ಕೆಲವು ಕಡೆ ಅದು ನಮ್ಮ ಮಲ್ಪೆ ಬೀಚ್ ಥರ ಆಳ, ನನಗೆ ಬಾಡಿಗೆ ಅಂಗಡಿಯವರು 35 ಎಂಎಂ ಅಗಲದ ಟೈರ್ ಕೊಟ್ಟು "ಸಾಕು ಸಾಕು" ಅಂದಿದ್ರು, ಸಾಕಾಗಲಿಲ್ಲ, ನಾನು ಏರು ಇಲ್ಲದ ಕಡೆಯೂ ಇಳಿದು ತಳ್ಳಿದೀನಿ. 45 ಎಂಎಂಗಿಂತ ಕಮ್ಮಿ ಬೇಡ, 50 ಇದ್ರೆ ಇನ್ನೂ ಒಳ್ಳೇದು, ಟ್ಯೂಬ್‌ಲೆಸ್ ಆಗಿರ್ಲೇಬೇಕು, ತೂತು ಮುಚ್ಚೋ ಪ್ಲಗ್ ಕಿಟ್ ಜೇಬಲ್ಲಿ. ಮೌಂಟನ್ ಬೈಕ್ ಸಿಕ್ರೆ ಮರ್ಯಾದೆ ನೋಡದೇ ತಗೊಳ್ಳಿ. ನೀರು ಎರಡು ಬಾಟಲ್ ತಗೊಂಡು ಹೋಗಿದ್ದೆ, ಜೂನ್ ತಿಂಗಳು, ಹದಿನೆಂಟನೇ ಕಿಲೋಮೀಟರಿಗೆ ಎರಡೂ ಖಾಲಿ. ದಾರಿಲಿ ಗಾಲ್ವಾರಿನಾ, ಮೊಂತೆ ಸ್ಕಾವೋ, ತಿಂಪಾ ರೊಸ್ಸಾ ಅಂತ ಕಲ್ಲಿನ ಸಣ್ಣ ತಂಗುಮನೆಗಳು ಬರ್ತವೆ, ಬಾಗಿಲು ತೆಗೆದೇ ಇರುತ್ತೆ, ಒಳಗೆ ಒಲೆ ಇರುತ್ತೆ, ಕುಡಿಯೋ ನೀರು ಸಿಗುತ್ತೆ ಅಂತ ನಂಬ್ಕೊಂಡು ಹೋಗಬೇಡಿ. ನಾಲ್ಕು ಲೀಟರ್ ಹೊತ್ಕೊಳ್ಳಿ. ಒಬ್ರು ಇಟಲಿ ಅಜ್ಜ ಅವರ ಬಾಟಲಿಂದ ನನಗೆ ಅರ್ಧ ಲೀಟರ್ ಸುರಿದು ಕೊಟ್ರು, ಜೊತೆಗೆ ಬೈದ್ರು, ಭಾಷೆ ಬರದೇ ಇದ್ರೂ ಬೈಗುಳ ಅಂತ ಅರ್ಥ ಆಯ್ತು.

ವಾಪಸ್ ಬರೋದು ಇನ್ನೊಂದು ತಲೆನೋವು. ದಾರಿ ಶುರುವಾಗೋದು ದಕ್ಷಿಣದಲ್ಲಿ ರಿಫೂಜಿಯೋ ಸಾಪಿಯೆಂಜಾ ಕಡೆಯಿಂದ, ಮುಗಿಯೋದು ಈಶಾನ್ಯದಲ್ಲಿ ಲಿಂಗ್ವಾಗ್ಲೋಸಾ ಮೇಲಿನ ಕಾಡಲ್ಲಿ, ಸುತ್ತು ಪೂರ್ತಿ ಮಾಡ್ಬೇಕು ಅಂದ್ರೆ ಪೂರ್ವದ ಕಡೆಯಿಂದ ಡಾಂಬರ್ ರಸ್ತೆ, ಅಲ್ಲಿ ಕಾರು ಬೈಕು ಎಲ್ಲಾ ಇದೆ. ನನ್ನ ಸಲಹೆ, ಅರ್ಧ ಹೋಗಿ ಅದೇ ದಾರಿಲಿ ವಾಪಸ್ ಬನ್ನಿ, ಅಥವಾ ಟ್ಯಾಕ್ಸಿಯವರ ಹತ್ರ ಮೊದಲೇ ಮಾತಾಡಿಡಿ. ಇನ್ನು ಭಯದ ವಿಷಯ, ಎಟ್ನಾ ಕೆಮ್ಮಿದಾಗ ಬೂದಿಯಿಂದ ಕತಾನಿಯಾ ಏರ್‌ಪೋರ್ಟ್ ಮುಚ್ಚೋದು ಉಂಟು, 2025ರ ಜೂನ್ 2ಕ್ಕೆ ಜನ ಇಳಿಜಾರಲ್ಲಿ ಓಡಿ ಬಂದ ವಿಡಿಯೋ ನೀವೂ ನೋಡಿರ್ತೀರ. ಈ ದಾರಿ ಬೆಟ್ಟದ ತುದಿಯಿಂದ ಸಾಕಷ್ಟು ಕೆಳಗೆ ಇದೆ, ಆದ್ರೂ ಹೋಗೋ ದಿನ ಬೆಳಿಗ್ಗೆ ಅಲ್ಲಿನ ಎಚ್ಚರಿಕೆ ನೋಡಿ ಹೊರಡಿ, ಫ್ಲೈಟ್‌ಗೆ ಒಂದು ದಿನ ಎಕ್ಸ್ಟ್ರಾ ಇಟ್ಕೊಳ್ಳಿ. ಮೇ, ಜೂನ್ ಮೊದಲ ವಾರ, ಸೆಪ್ಟೆಂಬರ್, ಅಕ್ಟೋಬರ್ ಚೆನ್ನಾಗಿರುತ್ತೆ, ಚಳಿಗಾಲದಲ್ಲಿ ಹಿಮ.

ಊಟಕ್ಕೆ ಸಸ್ಯಾಹಾರಿಗಳು ಹೆದರೋದು ಬೇಡ, ಕತಾನಿಯಾದ ಪಾಸ್ತಾ ಆಲ್ಲಾ ನೋರ್ಮಾ ಅಂದ್ರೆ ಬದನೆಕಾಯಿ ಟೊಮ್ಯಾಟೊ ಚೀಸ್, ನಮ್ಮ ಎಣ್ಣೆಗಾಯಿ ತಿಂದವರಿಗೆ ದೂರದ ಸಂಬಂಧಿ ಸಿಕ್ಕ ಹಾಗೆ ಆಗುತ್ತೆ. ಬ್ರೊಂತೆ ಊರಿನ ಪಿಸ್ತಾ ಕೂಡ ಇದೇ ಲಾವಾ ನೆಲದಲ್ಲಿ ಬೆಳೆಯೋದು.

ಗರೋಚಾ, ಕ್ಯಾಟಲೋನಿಯಾ

ಇಲ್ಲಿ ಕೊನೆಯ ಸ್ಫೋಟ ಆಗಿ ಹತ್ತು ಸಾವಿರ ವರ್ಷ ದಾಟಿದೆ. ಸುಮಾರು 40 ಜ್ವಾಲಾಮುಖಿ ಶಂಕುಗಳಿವೆ, 1982ರಲ್ಲಿ ಸಂರಕ್ಷಿತ ಪ್ರದೇಶ ಮಾಡಿದ್ರು. ಆದ್ರೆ ಹೋಗಿ ನಿಂತ್ರೆ ಎಲ್ಲಾ ಹಸಿರು ಗುಡ್ಡ. "ಎಲ್ಲಿ ರೀ ಜ್ವಾಲಾಮುಖಿ" ಅಂತ ನಮ್ಮ ಹೆಂಡತಿ ಕೇಳಿದ್ಲು, ಅವಳು ಕೂತಿದ್ದೇ ಒಂದರ ಮೇಲೆ. ಓಲೋಟ್ ಊರ ಒಳಗೇ ಮೊಂತ್ಸಾಕೋಪಾ ಅಂತ ಒಂದಿದೆ, ಮಕ್ಕಳು ಸಂಜೆ ವಾಕಿಂಗ್ ಹೋಗೋದೇ ಅದರ ಬಾಯಿಗೆ.

ಓಲೋಟ್‌ನಿಂದ ಜಿರೋನಾಗೆ 1911ರಿಂದ ಒಂದು ನ್ಯಾರೋ ಗೇಜ್ ರೈಲು ಓಡ್ತಿತ್ತು, 1969ರಲ್ಲಿ ನಿಲ್ಲಿಸಿದ್ರು, ಈಗ ಅದೇ ದಾರಿ ವಿಯಾ ವೆರ್ಡೆ ಕರ್ರಿಲೆಟ್. ಸುಮಾರು 55 ಕಿಲೋಮೀಟರ್, ಹೆಚ್ಚಿನದೆಲ್ಲ ಗಟ್ಟಿ ಮಣ್ಣಿನ ದಾರಿ. ಶುರುವಲ್ಲಿ ಒಂದು ಸಣ್ಣ ಕಣಿವೆ ಘಟ್ಟ ಇದೆ, 600 ಚಿಲ್ಲರೆ ಮೀಟರ್‌ಗೆ ಹತ್ತುತ್ತೆ, ಓಲೋಟೇ 440 ಮೀಟರ್‌ನಲ್ಲಿ ಇರೋದ್ರಿಂದ ಅದು ಲೆಕ್ಕಕ್ಕಿಲ್ಲ, ಆಮೇಲೆ ಜಿರೋನಾವರೆಗೆ ಇಳಿಜಾರೇ ಇಳಿಜಾರು. ಹಳೇ ಸ್ಟೇಷನ್‌ಗಳು ಕೆಲವು ಈಗ ಊಟದ ಜಾಗ. ಎಂಟು ವರ್ಷದ ಮಗು ಆರಾಮಾಗಿ ಮಾಡುತ್ತೆ. 38 ರಿಂದ 40 ಎಂಎಂ ಟೈರ್ ಧಾರಾಳ ಸಾಕು. ಕಾಲಲ್ಲಿ ಇನ್ನೂ ಶಕ್ತಿ ಇದ್ರೆ ಜಿರೋನಾದಿಂದ ಸಾಂತ್ ಫೆಲಿಯು ದೆ ಗಿಶೋಲ್ಸ್‌ಗೆ ಇನ್ನೊಂದು ಹಳೇ ರೈಲು ದಾರಿ ಇದೆ, ಸುಮಾರು 40 ಕಿಲೋಮೀಟರ್, ಜ್ವಾಲಾಮುಖಿಲಿ ಶುರು ಮಾಡಿ ಸಮುದ್ರದಲ್ಲಿ ಕಾಲು ತೊಳೀಬಹುದು.

ಇದರ ದೋಷ ಏನಪ್ಪಾ ಅಂದ್ರೆ, ನೋಡಬೇಕಾದ ಜ್ವಾಲಾಮುಖಿಗಳು ಈ ದಾರಿ ಮೇಲೆ ಇಲ್ಲ. ಕ್ರೋಸ್ಕಟ್ ಅಂತ ಒಂದಿದೆ, ಹಿಂದೆ ಕಲ್ಲು ಗಣಿಗಾರಿಕೆಯವರು ಅದನ್ನ ಕೇಕ್ ಥರ ಕತ್ತರಿಸಿಬಿಟ್ಟಿದಾರೆ, ಈಗ ಒಳಗಿನ ಪದರ ಪದರ ಕೆಂಪು ಕಪ್ಪು ಬೂದಿ ನೋಡಬಹುದು, ಸಾಂತಾ ಮಾರ್ಗರಿಡಾ ಅಂತ ಇನ್ನೊಂದರ ಬಾಯೊಳಗೆ ಹುಲ್ಲುಗಾವಲು, ನಡುವೆ ಪುಟ್ಟ ಚರ್ಚು. ಇವೆಲ್ಲ ಓಲೋಟ್‌ನಿಂದ ಸಾಂತಾ ಪಾವ್ ರಸ್ತೆ ಕಡೆ, ಅಲ್ಲಿ ಕಾರು ಓಡಾಡ್ತವೆ, ಸೈಕಲ್ ನಿಲ್ಸಿ ನಡ್ಕೊಂಡು ಒಳಗೆ ಹೋಗಿ. ಅದಕ್ಕೆ ಎರಡು ದಿನ ಇಟ್ಕೊಳ್ಳಿ, ಒಂದು ದಿನ ನಡಿಗೆ, ಒಂದು ದಿನ ಸೈಕಲ್. ಹತ್ತಿರದ ಕಾಸ್ಟೆಲ್‌ಫೋಲ್ಲಿತ್ ಊರನ್ನ ಮಿಸ್ ಮಾಡ್ಬೇಡಿ, 50 ಮೀಟರ್ ಎತ್ತರದ ಬಸಾಲ್ಟ್ ಗೋಡೆ ತುದಿಗೇ ಮನೆ ಕಟ್ಕೊಂಡಿದಾರೆ, ಮಲ್ಪೆಯ ಸೇಂಟ್ ಮೇರೀಸ್ ದ್ವೀಪದ ಕಂಬ ಕಂಬ ಕಲ್ಲು ನೋಡಿದವರಿಗೆ ಗುರುತು ಸಿಗುತ್ತೆ.

ಅನುಕೂಲಕ್ಕೆ ಇದೇ ನಂಬರ್ ಒನ್. ಬಾರ್ಸಿಲೋನಾದಿಂದ ಜಿರೋನಾಗೆ ಹೈ ಸ್ಪೀಡ್ ರೈಲಲ್ಲಿ ಮುಕ್ಕಾಲು ಗಂಟೆನೂ ಬೇಡ. ಜಿರೋನಾದಲ್ಲಿ ಪ್ರೊ ಸೈಕಲ್ ರೇಸರ್‌ಗಳೇ ಮನೆ ಮಾಡ್ಕೊಂಡಿರೋದ್ರಿಂದ ಒಳ್ಳೇ ಗ್ರಾವೆಲ್ ಬೈಕ್ ಬಾಡಿಗೆಗೆ ಸುಲಭವಾಗಿ ಸಿಗುತ್ತೆ, ದಿನಕ್ಕೆ 40 ಯೂರೋ ಮೇಲೇ ಇರುತ್ತೆ, ಅದು ಮಾತ್ರ ಚುರುಕ್ ಅನ್ನುತ್ತೆ. ಮೇಲೆ ಓಲೋಟ್‌ವರೆಗೆ ಸೈಕಲ್ ಸಮೇತ ವ್ಯಾನಲ್ಲಿ ಬಿಡೋರು ಇದಾರೆ, ಗುಂಪಾಗಿ ಹೋದ್ರೆ ತಲೆಗೆ ಕಮ್ಮಿ ಬೀಳುತ್ತೆ. ತಿನ್ನೋಕೆ ಸಾಂತಾ ಪಾವ್‌ನ ಸಣ್ಣ ಬಿಳಿ ಕಾಳು ಫೇಮಸ್ಸು, ಜ್ವಾಲಾಮುಖಿ ಮಣ್ಣಲ್ಲಿ ಬೆಳೆದಿದ್ದು, ಆದ್ರೆ ಸಾಮಾನ್ಯವಾಗಿ ಹಂದಿ ಸಾಸೇಜ್ ಜೊತೆ ಕೊಡ್ತಾರೆ, ಬೇಡ ಅಂದ್ರೆ ಮೊದಲೇ ಹೇಳಿ.

ಐಫೆಲ್, ಜರ್ಮನಿ

ಪ್ಯಾರಿಸ್ ಟವರ್ ಅಲ್ಲ. ಕನ್ನಡದಲ್ಲಿ ಬರೆದ್ರೆ ಎರಡೂ ಒಂದೇ, ಭಾವ ನಿಜವಾಗ್ಲೂ ಗೊಂದಲ ಮಾಡ್ಕೊಂಡಿದ್ರು. ತಮಾಷೆ ಅಂದ್ರೆ ಟವರ್ ಕಟ್ಟಿಸಿದವರ ಮನೆತನದ ಹೆಸರು ಬಂದಿದ್ದೂ ಈ ಜರ್ಮನ್ ಗುಡ್ಡಗಾಡಿಂದಾನೇ.

ಇಲ್ಲಿ ಜ್ವಾಲಾಮುಖಿ ಅಂದ್ರೆ ಬೆಟ್ಟ ಅಲ್ಲ, ಗುಂಡಿ. ಮೇಲೆ ಏರಿ ಬರ್ತಿದ್ದ ಶಿಲಾಪಾಕ ನೆಲದ ನೀರಿಗೆ ತಾಗಿ ಹಬೆ ಸ್ಫೋಟ ಆಗಿ ದೊಡ್ಡ ಹೊಂಡ ಬಿದ್ದು ಆಮೇಲೆ ನೀರು ತುಂಬ್ಕೊಂಡಿರೋ ದುಂಡನೆ ಕೆರೆಗಳು, ಅದಕ್ಕೆ ಮಾರ್ ಅಂತಾರೆ, ಇಡೀ ಪ್ರಪಂಚದ ಭೂವಿಜ್ಞಾನಿಗಳು ಬಳಸೋ ಈ ಪದ ಹುಟ್ಟಿದ್ದೇ ಇಲ್ಲಿ. ದೌನ್ ಊರ ಹತ್ರ ಮೂರು ಒಟ್ಟಿಗೆ ಇವೆ, ಅದ್ರಲ್ಲಿ ಒಂದಕ್ಕೆ ಸತ್ತವರ ಮಾರ್ ಅಂತ ಹೆಸರು, ಪಕ್ಕದ ಹಳ್ಳಿ ಪ್ಲೇಗ್‌ನಲ್ಲಿ ಖಾಲಿಯಾಗಿ ಈಗ ಚರ್ಚು, ಸ್ಮಶಾನ ಮಾತ್ರ ಉಳಿದಿದೆ.

ದೌನ್‌ನಿಂದ ಮೊಸೆಲ್ ನದಿ ದಡದ ಬೆರ್ನ್‌ಕಾಸ್ಟೆಲ್‌ಗೆ ಮಾರೆ ಮೊಸೆಲ್ ಸೈಕಲ್ ದಾರಿ, ಅದೂ ಹಳೇ ರೈಲು ಹಳಿ, 55 ರಿಂದ 58 ಕಿಲೋಮೀಟರ್, ಅರ್ಧ ಕಿಲೋಮೀಟರಿಗಿಂತ ಉದ್ದದ ಸುರಂಗ, ಎತ್ತರದ ಸೇತುವೆ ಎಲ್ಲಾ ಇದೆ. ಆದ್ರೆ ನಿಮಗೆ ನಿರಾಸೆ ಆಗೋ ವಿಷಯ, ಇದು ಡಾಂಬರು. ಗ್ರಾವೆಲ್ ಅಲ್ಲವೇ ಅಲ್ಲ. ಹಾಗಿದ್ರೂ ಲಿಸ್ಟಲ್ಲಿ ಯಾಕೆ ಇಟ್ಟೆ ಅಂದ್ರೆ, ಜರ್ಮನಿಯಲ್ಲಿ ಕಾಡಿನ ಜಲ್ಲಿ ದಾರಿಗಳಿಗೆ ಸಾಮಾನ್ಯ ಗಾಡಿ ಬಿಡಲ್ಲ, ಸೈಕಲ್‌ಗೆ ಬಿಡ್ತಾರೆ, ದೌನ್ ಸುತ್ತ ಅಂಥ ದಾರಿ ಬೇಕಾದಷ್ಟಿವೆ, ನಕ್ಷೆ ನೋಡಿ ನಿಮ್ಮದೇ ಸುತ್ತು ಕಟ್ಕೋಬೇಕು ಅಷ್ಟೇ. ವಾಪಸ್ ಬರೋ ತಲೆನೋವೂ ಇಲ್ಲ, ಏಪ್ರಿಲ್‌ನಿಂದ ಅಕ್ಟೋಬರ್‌ವರೆಗೆ ರೇಗಿಯೋ ರಾಡ್ಲರ್ ಅಂತ ಬಸ್ಸು, ಹಿಂದೆ ಸೈಕಲ್ ಟ್ರೇಲರ್ ಕಟ್ಕೊಂಡು ಓಡುತ್ತೆ, ವೀಕೆಂಡಾದ್ರೆ ಮೊದಲೇ ಜಾಗ ಬುಕ್ ಮಾಡಿ. ಜರ್ಮನಿಯಲ್ಲಿ ಇರೋರಿಗೆ ಇದಕ್ಕಿಂತ ಅಗ್ಗದ್ದು ಇಲ್ಲ, ಸ್ವಂತ ಸೈಕಲ್, ರೈಲು ಟಿಕೆಟ್, ಡಬ್ಬಿಲಿ ಚಿತ್ರಾನ್ನ. ಬೆಂಗಳೂರಿಂದ ಇದಕ್ಕೋಸ್ಕರವೇ ಟಿಕೆಟ್ ಹಾಕ್ಕೊಂಡು ಬರೋಷ್ಟು ಇಲ್ಲ.

ಟಿಂಬರ್ ಟ್ರೇಲ್, ನ್ಯೂಜಿಲೆಂಡ್

ಇದಕ್ಕೆ ನಾನು ಹೋಗಿಲ್ಲ, ಹೋಗಿ ಬಂದ ಇಬ್ಬರ ಜೊತೆ ಗಂಟೆಗಟ್ಟಲೆ ಮಾತಾಡಿದೀನಿ, ಹಾಗಾಗಿ ಚಿಕ್ಕದಾಗಿ ಹೇಳ್ತೀನಿ. ಪುರೆಯೋರಾದಿಂದ ಓಂಗರುವೆಗೆ ಸುಮಾರು 85 ಕಿಲೋಮೀಟರ್, 2013ರಲ್ಲಿ ತೆರೆದಿದ್ದು, ಎರಡು ದಿನದ ಸವಾರಿ. ಸುಮಾರು 1,800 ವರ್ಷದ ಹಿಂದೆ ಟೌಪೋ ಜ್ವಾಲಾಮುಖಿ ಸ್ಫೋಟ ಉಗುಳಿದ ಪ್ಯೂಮಿಸ್ ಕಲ್ಲಿನ ಪುಡಿ ಮೇಲೆ ಕಾಡು ಬೆಳೆದಿದೆ, ಅದರ ಒಳಗೆ ದಾರಿ. ಪ್ಯೂಮಿಸ್ ಅಂದ್ರೆ ಕಾಲು ಉಜ್ಜೋ ಹಗುರ ಕಲ್ಲು, ನೀರು ಬೇಗ ಬಸಿದು ಹೋಗುತ್ತೆ, ಮಳೆ ಬಂದ್ರೂ ನಮ್ಮ ಎರೆ ಮಣ್ಣಿನ ಥರ ಸೇಡು ತೀರಿಸ್ಕೊಳಲ್ಲ. ಎಂಟು ತೂಗು ಸೇತುವೆ, ಅತಿ ಉದ್ದದ್ದು 141 ಮೀಟರ್, ಕೊನೆಗೆ ಮರ ಸಾಗಿಸೋ ಹಳೇ ಟ್ರಾಮ್‌ವೇಯ ಸುರುಳಿ ದಾರಿ, ತನ್ನ ಕೆಳಗೆ ತಾನೇ ತೂರಿ ಹೋಗುತ್ತೆ. ಆದ್ರೆ ಜ್ವಾಲಾಮುಖಿ ಕಾಣ್ಬೇಕು ಅಂದ್ರೆ ಸೈಕಲ್ ಬಿಟ್ಟು ಪುರೆಯೋರಾ ಬೆಟ್ಟ ಹತ್ತಬೇಕು, 1,165 ಮೀಟರ್, ಮೋಡ ಇಲ್ಲದಿದ್ರೆ ದೂರದಲ್ಲಿ ಕಾಣುತ್ತೆ. ಉಳಿದಂತೆ ಇದು ಕಾಡಿನ ಸವಾರಿ. ಮೊಬೈಲ್ ಸಿಗ್ನಲ್ ನೆಚ್ಕೋಬೇಡಿ. ನಡುವೆ ಪಿರೋಪಿರೋದಲ್ಲಿ ಉಳಿಯೋ ಜಾಗ ಮೊದಲೇ ಬುಕ್ ಆಗ್ಬೇಕು, ಶಟಲ್ ಗಾಡಿ ಕೂಡ. ಡಿಸೆಂಬರ್‌ನಿಂದ ಮಾರ್ಚ್ ಅಲ್ಲಿ ಬೇಸಿಗೆ, ಯುರೋಪ್ ಹಿಮದಲ್ಲಿರೋವಾಗ ರಜೆ ಸಿಗೋರಿಗೆ ಇದೊಂದೇ ದಾರಿ.

ಹಾಗಾದ್ರೆ ಯಾರಿಗೆ ಏನು ಹೇಳಿದೆ

ಫ್ರಾಂಕ್‌ಫರ್ಟ್ ಹುಡುಗನಿಗೆ ಐಫೆಲ್ ಅಂತ ಕಣ್ಣು ಮುಚ್ಚಿ ಹೇಳಿದೆ, ಒಂದು ಶನಿವಾರ ಸಾಕು, ಇಷ್ಟ ಆದ್ರೆ ಮುಂದಿನ ವರ್ಷ ಎಟ್ನಾ. ಮೆಲ್ಬರ್ನ್ ಮೇಡಂ ಆಸ್ಟ್ರೇಲಿಯಾ ಪಿಆರ್ ಇರೋದ್ರಿಂದ ಅವರಿಗೆ ನ್ಯೂಜಿಲೆಂಡ್ ವೀಸಾ ತಲೆನೋವಿಲ್ಲ, ಆನ್‌ಲೈನ್ ಪರವಾನಗಿ ಮಾಡ್ಕೊಂಡ್ರೆ ಆಯ್ತು, ಟಿಂಬರ್ ಟ್ರೇಲ್. ಬೆಂಗಳೂರಿಂದ ಹೋಗೋರಿಗೆ ಆ ವಿಮಾನದ ಖರ್ಚಲ್ಲಿ ಯುರೋಪಿನ ಎರಡು ಜಾಗ ಮುಗಿಯುತ್ತೆ.

ಬೆಂಗಳೂರಿನ ಇಬ್ಬರಲ್ಲಿ ಒಬ್ಬ ಹೆಂಡತಿ ಮಕ್ಕಳ ಜೊತೆ ಹೋಗೋನು, ಗರೋಚಾ, ಇದ್ರಲ್ಲಿ ಎರಡನೇ ಮಾತೇ ಇಲ್ಲ, ಯುರೋಪಿನ ಷೆಂಗೆನ್ ವೀಸಾಗೆ ದೊಡ್ಡವರಿಗೆ ತಲೆಗೆ 90 ಯೂರೋ ಹೇಗೂ ಕೊಡ್ತಿದೀಯ, ಬಾರ್ಸಿಲೋನಾನೂ ನೋಡ್ಕೊಂಡು ಬಾ ಅಂದೆ. ಇನ್ನೊಬ್ಬ ಒಂಟಿ ಸಲಗ, ನೂರು ಕಿಲೋಮೀಟರ್ ಹೊಡೆದ್ರೂ ಸುಸ್ತಾಗಲ್ಲ, ಅವನಿಗೆ ಎಟ್ನಾ ಬಿಟ್ಟು ಬೇರೆ ಏನು ಹೇಳಿದ್ರೂ ಬೈಸ್ಕೋತಿದ್ದೆ. ಆದ್ರೆ ಒಬ್ನೇ ಹೋಗಬೇಡ, ಇನ್ನೊಬ್ಬ ಇರ್ಲಿ ಅಂದೆ, ಆ ದಾರೀಲಿ ಚೈನ್ ಕಿತ್ರೆ ಕೇಳೋರು ಯಾರೂ ಇಲ್ಲ.

ಸೈಕಲ್ ಇಲ್ಲಿಂದ ಹೊತ್ಕೊಂಡು ಹೋಗೋದಾ ಬಾಡಿಗೆ ತಗೊಳ್ಳೋದಾ ಅಂತ ಎಲ್ಲರೂ ಕೇಳ್ತಾರೆ. ಮೂರು ದಿನಕ್ಕಿಂತ ಕಮ್ಮಿ ಓಡಿಸೋದಾದ್ರೆ ಬಾಡಿಗೆ, ಜಾಸ್ತಿ ಆದ್ರೆ ನಿಮ್ಮದೇ. ಎಟ್ನಾಗೆ ಮಾತ್ರ ನಿಮ್ಮ ಸೈಕಲ್ ಬೇಡ ಅಂತೀನಿ, ಆ ಬೂದಿ ಚೈನ್ ಒಳಗೆ ಹೋದ್ರೆ ಉಪ್ಪುಕಾಗದ ಇದ್ದ ಹಾಗೆ, ಒಂದೇ ದಿನಕ್ಕೆ ಗಿರಣಿ ಸದ್ದು ಬರೋಕೆ ಶುರುವಾಗುತ್ತೆ. ಬಾಡಿಗೆ ಸೈಕಲ್ ಆದ್ರೂ ವಾಪಸ್ ಕೊಡೋ ಮೊದಲು ಒರೆಸದೇ ನೀರಲ್ಲಿ ತೊಳೀರಿ, ಒರೆಸಿದ್ರೆ ಪೇಂಟ್ ಮೇಲೆ ಗೀರು ಬಿದ್ದು ಡೆಪಾಸಿಟ್ ಹೋಗುತ್ತೆ.

ಭಾವ ಇನ್ನೂ ತೀರ್ಮಾನ ಮಾಡಿಲ್ಲ. ಮಂಡಿ ನೋವು ಅಂತಾರೆ, ಅದಕ್ಕೆ ಗರೋಚಾ ಅಂತ ನಾನು ಮೂರು ಸಲ ಹೇಳಿದೆ, ಅಕ್ಕನೂ ಹೇಳಿದ್ಲು. ನಿನ್ನೆ ಅವರ ಮನೆಗೆ ಹೋದಾಗ ಟೇಬಲ್ ಮೇಲೆ ಒಂದು ಪಾರ್ಸೆಲ್ ಇತ್ತು, 50 ಎಂಎಂ ಟೈರು, ಎರಡು.